ಓದುಗರ ಕಟ್ಟೆ: ಆತ್ಮಕಥೆಯೊಳಗಿನ ಒಳಸುದ್ದಿ

ರಜೆ ಹತ್ತಿರ ಬಂದಂತೆ ಕಟ್ಟೆಗೆ ಬರುವ ಪತ್ರಗಳ ಧಾಟಿ ಬದಲಾಗುತ್ತದೆ. ಈ ಸಲ ಬಹಳ ಮಂದಿ ಕೇಳಿದ್ದು ಸಿನಿಮಾ, ನಾಟಕ, ಸಂಗೀತ, ಕ್ರಿಕೆಟ್ ಲೋಕದವರ ಆತ್ಮಕಥೆಗಳ ಬಗ್ಗೆ. ಅದೂ ಸಾಹಿತ್ಯ ವಿಮರ್ಶೆಗಲ್ಲ, ಓದಿ ಹಗುರಾಗುವುದಕ್ಕೆ. ಹೆಸರು ಬೇಡವೆಂದು ಹಲವರು ಬರೆದಿದ್ದರಿಂದ ಎಲ್ಲರದ್ದೂ ಊರಷ್ಟೇ ಹಾಕಿದ್ದೇವೆ.

ವಿದ್ಯಾನಗರ, ಹುಬ್ಬಳ್ಳಿ: ನಮಸ್ಕಾರ್ರಿ. ನಾನು ಬ್ಯಾಂಕಿನಿಂದ ನಿವೃತ್ತಳಾದಾಕಿ. ಅಳಸೋ ಕಾದಂಬರಿ ಸಾಕಾಗ್ಯಾವ. ಸಿನಿಮಾ ಮಂದಿ ಆತ್ಮಕಥಿ ಓದಿ ಒಂದೀಟು ನಗಬೇಕು, ಅವರ ಒಳಗಿಂದು ತಿಳೀಬೇಕು ಅನಸ್ತದ. ಹ್ವಾದ ಸಲ ಒಂದು ದಪ್ಪ ಪುಸ್ತಕ ತಂದ್ರ ಬರೇ ಪ್ರಶಸ್ತಿ ಪಟ್ಟಿ, ಧನ್ಯವಾದ. ಅಂಗಡ್ಯಾಗ ನಿಂತಾಗನ ಒಳಗ ಏನೈತಿ ಅಂತ ಹೆಂಗ ಗೊತ್ತು ಮಾಡ್ಕೋಬೇಕು?

ಉತ್ತರ: ಹತ್ತು ನಿಮಿಷ ಸಾಕು. ಪುಸ್ತಕವನ್ನು ಮೊದಲ ಪುಟದಿಂದ ನೋಡಬೇಡಿ, ಹಿಂದಿನಿಂದ ತೆರೆಯಿರಿ. ಇಂಗ್ಲಿಷ್ ಆತ್ಮಕಥೆಗಳ ಕೊನೆಯಲ್ಲಿ ಅನೇಕ ಸಲ ಹೆಸರುಗಳ ಸೂಚಿ ಇರುತ್ತದೆ. ನಿಮಗೆ ಕುತೂಹಲವಿರುವ ಮೂವರ ಹೆಸರು ಅಲ್ಲಿ ಹುಡುಕಿ. ಹೆಸರಿನ ಮುಂದೆ 112, 140, 233 ಎಂದು ಬಿಡಿಬಿಡಿ ಪುಟಗಳಿದ್ದರೆ ಅವರು ಹಾದುಹೋಗಿದ್ದಾರೆ, ಅಷ್ಟೇ. 112ರಿಂದ 119 ಎಂದು ಸಾಲುಪುಟಗಳಿದ್ದರೆ ಅಲ್ಲೊಂದು ಪ್ರಸಂಗ ಇದೆ. ಆ ಜಾಗ ತೆರೆದು ಒಂದೇ ಪ್ಯಾರಾ ಓದಿ. ಯಾರು ಏನಂದರು, ಎಲ್ಲಿ ಕೂತಿದ್ದರು, ಊಟಕ್ಕೆ ಏನಿತ್ತು ಎಂಬ ವಿವರ ಕಂಡರೆ ಪುಸ್ತಕ ಕೈಗೆತ್ತಿಕೊಳ್ಳಿ. ‘ಅವರೊಬ್ಬ ಅಪರೂಪದ ಕಲಾವಿದರು, ಅವರಿಂದ ಬಹಳ ಕಲಿತೆ’ ಎಂದು ಮುಗಿದಿದ್ದರೆ ಮರಳಿ ಕಪಾಟಿಗೆ ಇಡಿ.

ಕನ್ನಡ ಪುಸ್ತಕಗಳಲ್ಲಿ ಸೂಚಿ ಇರುವುದು ಕಡಿಮೆ. ಅಲ್ಲಿ ಪರಿವಿಡಿ ನೋಡಿ ಲೆಕ್ಕ ಹಾಕಿ. 300 ಪುಟದ ಪುಸ್ತಕದಲ್ಲಿ ಊರು, ಮನೆತನ, ಶಾಲೆಗೇ 150 ಪುಟ ಹೋಗಿದ್ದರೆ ನಿಮಗೆ ಬೇಕಾದ ಸಿನಿಮಾ ಕಾಲ ಇಕ್ಕಟ್ಟಾಗಿರುತ್ತದೆ. ಕಥೆ ಯಾವ ವರ್ಷಕ್ಕೆ ನಿಲ್ಲುತ್ತದೆ ಎಂಬುದನ್ನು ಕೊನೆಯ ಎರಡು ಅಧ್ಯಾಯಗಳಲ್ಲಿ ನೋಡಿಕೊಳ್ಳಲೇಬೇಕು. ಗಿರೀಶ ಕಾರ್ನಾಡರ ‘ಆಡಾಡತ ಆಯುಷ್ಯ’ (2011) ಅವರ ಬದುಕಿನ ಮೊದಲರ್ಧಕ್ಕಷ್ಟೇ ಸೀಮಿತ. ಮುಂದಿನ ಕಾಲದ ಹಿಂದಿ ಸಿನಿಮಾ ಸುದ್ದಿ ಬಯಸಿ ಕೊಂಡವರಿಗೆ ಅಲ್ಲಿ ಏನೂ ಸಿಗುವುದಿಲ್ಲ. ಧಾರವಾಡದ ದಿನಗಳು, ‘ಸಂಸ್ಕಾರ’ ಚಿತ್ರೀಕರಣದ ತೆರೆಮರೆ ಬೇಕೆನ್ನುವವರಿಗೆ ಹಬ್ಬ. ಆ ಪುಸ್ತಕ ತೆರೆದುಕೊಳ್ಳುವ ಪ್ರಸಂಗವನ್ನೇ ನೋಡಿ: 1973ರಲ್ಲಿ ಧಾರವಾಡದ ಮನೆಯಲ್ಲಿ ಊಟಕ್ಕೆ ಕೂತಾಗ ತಾಯಿ, ಗಿರೀಶರು ಹೊಟ್ಟೆಯಲ್ಲಿದ್ದಾಗ ಈ ಮಗು ಬೇಡವೆಂದು ತಾವು ಒಮ್ಮೆ ಯೋಚಿಸಿದ್ದಾಗಿ ಹೇಳಿಬಿಡುತ್ತಾರೆ. ಪುಣೆಯ ಆಸ್ಪತ್ರೆಗೆ ಹೋದಾಗ ಡಾಕ್ಟರು ಬಂದಿರಲೇ ಇಲ್ಲವಂತೆ, ಕಾದು ಮನೆಗೆ ಮರಳಿದರಂತೆ. ಅಂದು ಬಾರದ ಆ ಡಾ. ಮಧುಮಾಲತಿ ಗುಣೆ ಅವರಿಗೇ ಪುಸ್ತಕದ ಅರ್ಪಣೆ. ಹೀಗಾಗಿ ಅರ್ಪಣೆಯ ಪುಟವನ್ನು ಎಂದೂ ದಾಟಿ ಹೋಗಬೇಡಿ. ಕೆಲವು ಸಲ ಪುಸ್ತಕದ ದೊಡ್ಡ ಸುದ್ದಿ ಅಲ್ಲೇ ಇರುತ್ತದೆ.

ನಡುವಿನ ಫೋಟೋ ಪುಟಗಳನ್ನೂ ತಿರುವಿ. ಸಾಮಾನ್ಯವಾಗಿ 8 ಅಥವಾ 16 ಪುಟ, ಆರ್ಟ್ ಪೇಪರಿನ ಮೇಲೆ ಅಚ್ಚಾಗಿರುತ್ತವೆ. ಮದುವೆ, ಪಾರ್ಟಿ, ಶೂಟಿಂಗ್ ಬಿಡುವಿನ ಚಿತ್ರಗಳು ಹೆಚ್ಚಿದ್ದರೆ ಬರೆದವರು ಮನೆ ಬಾಗಿಲು ತೆರೆದಿದ್ದಾರೆ ಎಂದರ್ಥ. ಬರೀ ಸನ್ಮಾನ, ಶಾಲು, ಫಲಕವಿದ್ದರೆ ಒಳಗಿನ ಬರಹವೂ ಬಹುತೇಕ ಹಾಗೇ.

ಇನ್ನು ವಯಸ್ಸು. ವೃತ್ತಿಯ ನಡುವೆ ಇರುವವರು ನಾಳೆ ಮತ್ತೆ ಅದೇ ನಿರ್ಮಾಪಕರ ಜೊತೆ ಕೆಲಸ ಮಾಡಬೇಕು, ಅದಕ್ಕೇ ಬಾಯಿ ಕಟ್ಟಿಕೊಂಡು ಬರೆಯುತ್ತಾರೆ. ಹಂಗು ತೀರಿದವರು ಬಿಚ್ಚಿ ಮಾತಾಡುತ್ತಾರೆ. ರಿಷಿ ಕಪೂರ್ 2017ರ ತಮ್ಮ ಆತ್ಮಕಥೆ ‘ಖುಲ್ಲಂ ಖುಲ್ಲಾ’ದಲ್ಲಿ, ‘ಬಾಬಿ’ ಚಿತ್ರಕ್ಕೆ ಬಂದ ಪ್ರಶಸ್ತಿಗೆ ತಾವೇ 30,000 ರೂಪಾಯಿ ಕೊಟ್ಟಿದ್ದಾಗಿ ಬರೆದರು. ಆ ಮಾತು ಹೇಳಲು ನಾಲ್ಕು ದಶಕ ಬೇಕಾಯಿತು. ಆದರೆ ಈ ಲೆಕ್ಕ ಎಲ್ಲ ಕಡೆ ನಡೆಯುವುದಿಲ್ಲ. ಸುನಿಲ್ ಗಾವಸ್ಕರ್ ತಮ್ಮ ‘ಸನ್ನಿ ಡೇಸ್’ ಪ್ರಕಟಿಸಿದ್ದು 1976ರಲ್ಲಿ, ಇನ್ನೂ ಮೂವತ್ತು ತುಂಬುವ ಮುಂಚೆ. ಅದರ ಆರಂಭದಲ್ಲೇ ಆಸ್ಪತ್ರೆಯಲ್ಲಿ ಮಗು ಅದಲುಬದಲಾದ ಪ್ರಸಂಗ ಇದೆ: ಮೊದಲ ದಿನ ಮಗುವಿನ ಕಿವಿಯ ಹತ್ತಿರ ಸಣ್ಣ ತೂತು ಕಂಡಿದ್ದ ಬಂಧುವೊಬ್ಬರು, ಮರುದಿನ ತೊಟ್ಟಿಲಲ್ಲಿದ್ದ ಮಗುವಿಗೆ ಅದು ಕಾಣದೆ ಗದ್ದಲ ಎಬ್ಬಿಸಿದರು. ಹುಡುಕಿದಾಗ ಗಾವಸ್ಕರ್ ಮೀನುಗಾರ ಹೆಂಗಸೊಬ್ಬಳ ಮಗ್ಗುಲಲ್ಲಿ ನಿದ್ದೆಯಲ್ಲಿದ್ದರು. ಹಗುರ ಓದಿಗೆ ಇಂಥ ಎರಡು ಪುಟ ಸಿಕ್ಕರೂ ಕೊಟ್ಟ ದುಡ್ಡು ವಸೂಲು.

ಗದಗ: ಸರ್, ಕನ್ನಡದ ಆತ್ಮಕಥೆಗಳೊಳಗ ಎಲ್ಲಾರೂ ‘ಪೂಜ್ಯರು’, ‘ಮಹನೀಯರು’. ಜಗಳಿಲ್ಲ, ಪ್ರೇಮಿಲ್ಲ, ಹೊಟ್ಟಿಕಿಚ್ಚಿಲ್ಲ. ಇಂಗ್ಲಿಷ್ ಓದಾಕ ನನಗ ಸರಾಗ ಬರೂದಿಲ್ಲ. ಕನ್ನಡದಾಗ ಖಮಂಗ ಅನ್ನೂವಂಥದ್ದು ಏನೂ ಇಲ್ಲೇನು?

ಉತ್ತರ: ಇದೆ, ಬೇಕಾದಷ್ಟಿದೆ. ಆದರೆ ಸಿನಿಮಾದವರಲ್ಲಿ ಹುಡುಕಬೇಡಿ, ನಾಟಕ ಕಂಪನಿಯವರ ಮತ್ತು ಗಾಯಕರ ಪುಸ್ತಕಗಳಿಗೆ ಬನ್ನಿ. ಕಂಪನಿ ಎಂದರೆ ಹತ್ತಾರು ಜನ ತಿಂಗಳುಗಟ್ಟಲೆ ಒಂದೇ ಕ್ಯಾಂಪಿನಲ್ಲಿ ಉಂಡು ಮಲಗಿ ಬದುಕುವ ಊರು. ಮಾಲಕರಿಗೂ ನಟರಿಗೂ ಪಗಾರದ ತಕರಾರು, ಒಂದು ಕಂಪನಿಯ ನಟನನ್ನು ಇನ್ನೊಂದು ಕಂಪನಿ ಮುಂಗಡ ಕೊಟ್ಟು ಎಳೆದುಕೊಳ್ಳುವುದು, ‘ನನಗೆ ಸಣ್ಣ ಪಾರ್ಟು ಕೊಟ್ಟರು’ ಎಂಬ ಮುನಿಸು, ಮಳೆ ಹೊಡೆದು ಕಲೆಕ್ಷನ್ ಬಿದ್ದ ರಾತ್ರಿಯ ಪರದಾಟ, ಎಲ್ಲವೂ ಅಲ್ಲಿವೆ. ಗರುಡ ಸದಾಶಿವರಾಯರ ಕಂಪನಿಯನ್ನು ಕಂಡ ಊರು ನಿಮ್ಮದು. ಈ ಮಾತುಗಳ ರುಚಿ ನಿಮಗೆ ಬೇಗ ಹತ್ತುತ್ತದೆ.

ನಮ್ಮ ಸಲಹೆ ಏನೆಂದರೆ ಒಂದು ಪುಸ್ತಕ ಓದಬೇಡಿ, ಜೋಡಿ ಓದಿ. ಗುಬ್ಬಿ ವೀರಣ್ಣನವರ ‘ಕಲೆಯೇ ಕಾಯಕ’ ಒಂದು ಕಡೆ, ಬಿ.ವಿ. ಕಾರಂತರ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ ಇನ್ನೊಂದು ಕಡೆ ಇಟ್ಟುಕೊಳ್ಳಿ. ವೀರಣ್ಣನವರು ಕಂಪನಿಯ ಮಾಲಕರು, ಕಾರಂತರು ಮನೆ ಬಿಟ್ಟು ಓಡಿಬಂದು ಅದೇ ಕಂಪನಿ ಸೇರಿದ ಹುಡುಗ. ಒಂದೇ ಡೇರೆಯನ್ನು ಗಲ್ಲೆಯ ಕಡೆಯಿಂದಲೂ ಬಣ್ಣದ ಕೋಣೆಯ ಕಡೆಯಿಂದಲೂ ನೋಡಿದಂತಾಗುತ್ತದೆ. ಮುಂದೆ ಆ ಹುಡುಗನನ್ನು ಓದಲು ಬನಾರಸಿಗೆ ಕಳಿಸಿದವರೂ ಅದೇ ಮಾಲಕರು.

ಎರಡನೆಯ ಜೋಡಿ ನಮ್ಮ ಭಾಗದ್ದೇ. ಮಲ್ಲಿಕಾರ್ಜುನ ಮನಸೂರರ ‘ನನ್ನ ರಸಯಾತ್ರೆ’ ಮತ್ತು ಗಂಗೂಬಾಯಿ ಹಾನಗಲ್ಲರ ‘ನನ್ನ ಬದುಕಿನ ಹಾಡು’. ಮನಸೂರರೂ ಹುಡುಗನಿದ್ದಾಗ ನಾಟಕ ಕಂಪನಿಯಲ್ಲಿ ಪಾರ್ಟು ಮಾಡಿದವರು. ಗಂಗೂಬಾಯಿ ಸವಾಯಿ ಗಂಧರ್ವರ ಹತ್ತಿರ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು. ನಿಮ್ಮ ಜಿಲ್ಲೆಯ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ ಅದೇ ಗುರುವಿನ ಶಿಷ್ಯರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಿದ ಎಳೆಯ ಹುಡುಗಿ ಗಂಗೂಬಾಯಿಗೆ, ಊಟವಾದ ಮೇಲೆ ತನ್ನ ಜಾತಿಯ ಕಾರಣಕ್ಕೆ ಎಲೆ ಎತ್ತಲು ಹೇಳುತ್ತಾರೇನೋ ಎಂಬುದೇ ದೊಡ್ಡ ಚಿಂತೆಯಾಗಿತ್ತು. ಇದು ನಗಿಸುವ ಸಂಗತಿಯಲ್ಲ. ಹಗುರ ಓದಿನ ನಡುವೆ ಇಂಥ ಪುಟಗಳೂ ಬರುತ್ತವೆ, ಬಂದಾಗ ನಿಂತು ಓದಿ.

‘ಪೂಜ್ಯರು’ಗಳ ನಡುವೆ ಜಗಳ ಹುಡುಕುವ ಬಗೆಯನ್ನೂ ಹೇಳಬೇಕು. ಹಳೆಯ ತಲೆಮಾರಿನವರು ‘ಕಾರಣಾಂತರಗಳಿಂದ ಕಂಪನಿ ಬಿಟ್ಟೆ’, ‘ಸ್ವಲ್ಪ ಭಿನ್ನಾಭಿಪ್ರಾಯ ಬಂತು’, ‘ಆ ವಿಷಯ ಇಲ್ಲಿ ಬೇಡ’ ಎಂದು ದಾಟಿಬಿಡುತ್ತಾರೆ. ದೊಡ್ಡ ಜಗಳಗಳು ಹೂತಿರುವುದು ಈ ಮೂರು ವಾಕ್ಯಗಳ ಕೆಳಗೇ. ಕಂಡ ಕೂಡಲೇ ಪುಟದ ಸಂಖ್ಯೆ, ಊರು, ವರ್ಷ ಬರೆದಿಟ್ಟುಕೊಳ್ಳಿ. ಒಂದು ಹಾಳೆಯನ್ನು ನಾಲ್ಕಾಗಿ ಮಡಚಿ ಪುಸ್ತಕದೊಳಗಿಟ್ಟರೆ ಗುರುತಿನ ಚೀಟಿಯೂ ಆಯಿತು, ನಿಮ್ಮದೇ ಸೂಚಿಯೂ ಆಯಿತು. ಅದೇ ಕಾಲದ ಇನ್ನೊಬ್ಬರ ಪುಸ್ತಕ ಓದುವಾಗ ಆ ಊರು, ಆ ವರ್ಷ ಬಂದಲ್ಲಿ ನಿಧಾನಿಸಿ. ಒಬ್ಬರು ನುಂಗಿದ್ದನ್ನು ಇನ್ನೊಬ್ಬರು ಹೇಳಿರುವುದು ಎಷ್ಟೋ ಸಲ ಉಂಟು.

ಅಭಿನಂದನ ಗ್ರಂಥಗಳನ್ನು ಮಾತ್ರ ಆತ್ಮಕಥೆ ಎಂದುಕೊಂಡು ಖರೀದಿಸಬೇಡಿ. ಅವು ಸನ್ಮಾನಕ್ಕೆಂದೇ ಹುಟ್ಟಿದವು.

ಸಪ್ತಾಪುರ, ಧಾರವಾಡ: ದೊಡ್ಡವರ ಆತ್ಮಕಥೆಗಳನ್ನು ಬೇರೆ ಯಾರೋ ಬರೆದುಕೊಡುತ್ತಾರೆಂದು ಕೇಳಿದೆ. ಹಾಗಿದ್ದರೆ ನಾವು ಓದುತ್ತಿರುವುದು ಯಾರ ಮಾತು? ಇದು ಓದುಗರಿಗೆ ಮೋಸವಲ್ಲವೇ?

ಉತ್ತರ: ಮೋಸವಲ್ಲ, ಕೆಲಸ ಒಳ್ಳೆಯದಾಗಿದ್ದರೆ ಲಾಭವೇ. ತಾರೆಯನ್ನು ಗಂಟೆಗಟ್ಟಲೆ ಮಾತಾಡಿಸಿ, ರೆಕಾರ್ಡ್ ಮಾಡಿಕೊಂಡು, ಆ ಮಾತನ್ನು ಕಾಲಾನುಕ್ರಮಕ್ಕೆ ತಂದು ಬರೆಯುತ್ತಾರೆ. ತಾನೇ ಬರೆಯಲು ಕೂತವನು ‘ಇದು ಬೇಡ’ ಎಂದು ಬಿಡುವುದನ್ನು, ಎದುರಿಗೆ ಕೂತ ಕುತೂಹಲಿ ‘ಆಮೇಲೆ?’ ಎಂದು ಕೇಳಿ ಹೊರಡಿಸುತ್ತಾನೆ. ಟೆನಿಸ್ ಆಟಗಾರ ಆಂಡ್ರೆ ಅಗಾಸಿಯ 2009ರ ‘ಓಪನ್’ ಪುಸ್ತಕಕ್ಕೆ ಜತೆಯಾದವರು ಜೆ.ಆರ್. ಮೋರಿಂಗರ್. 1990ರ ಫ್ರೆಂಚ್ ಓಪನ್ ಫೈನಲ್ಲಿನಲ್ಲಿ ತಲೆಯ ಮೇಲಿದ್ದದ್ದು ಕೃತಕ ಕೂದಲು, ಹಿಂದಿನ ರಾತ್ರಿ ಅದು ಕಿತ್ತುಬಂದು ಪಿನ್ನು ಹಾಕಿ ನಿಲ್ಲಿಸಬೇಕಾಯಿತು, ಆಡುವಾಗ ಗೆಲುವಿಗಿಂತ ಕೂದಲು ಬೀಳದಿರಲಿ ಎಂಬುದೇ ಪ್ರಾರ್ಥನೆಯಾಗಿತ್ತು ಎಂಬ ಪ್ರಸಂಗ ಆ ಪುಸ್ತಕದ್ದು. ಇಂಗ್ಲೆಂಡಿನ ರಾಜಕುಮಾರ ಹ್ಯಾರಿಯ 2023ರ ‘ಸ್ಪೇರ್’ ಹಿಂದೆಯೂ ಇದೇ ಮೋರಿಂಗರ್ ಇದ್ದಾರೆ. ಎರಡೂ ಪುಸ್ತಕ ಕೈಬಿಡದಂತೆ ಓದಿಸಿಕೊಳ್ಳುವುದು ಕಾಕತಾಳೀಯವಲ್ಲ.

ನಮ್ಮಲ್ಲಿ ಇದಕ್ಕೆ ಇನ್ನೂ ಮರ್ಯಾದೆಯ ದಾರಿ ಇದೆ, ಮುಖಪುಟದ ಮೇಲೆಯೇ ‘ನಿರೂಪಣೆ’ ಎಂದು ಹೆಸರು ಹಾಕುತ್ತಾರೆ. ಕಾರಂತರ ಮಾತನ್ನು ಬರಹಕ್ಕೆ ತಂದವರು ವೈದೇಹಿ. ಗಂಗೂಬಾಯಿಯವರದ್ದನ್ನು ನಿಮ್ಮ ಧಾರವಾಡ ಆಕಾಶವಾಣಿಯ ಎನ್ಕೆ (ಎನ್.ಕೆ. ಕುಲಕರ್ಣಿ). ಹೊಸ ಪುಸ್ತಕ ಕೊಳ್ಳುವಾಗ ಶೀರ್ಷಿಕೆ ಪುಟದಲ್ಲಿ ಎರಡನೆಯ ಹೆಸರಿದೆಯೇ ನೋಡಿ. ಇಲ್ಲದಿದ್ದರೆ ಕೃತಜ್ಞತೆಯ ಪುಟದಲ್ಲಿ ‘ನನ್ನ ಮಾತಿಗೆ ರೂಪ ಕೊಟ್ಟ’ ಎಂಬಂಥ ಸಾಲು ಸಿಗುತ್ತದೆ. ಆಮೇಲೆ ಆ ತಾರೆಯ ಒಂದು ಹಳೆಯ ಸಂದರ್ಶನ ಕೇಳಿ. ಅಲ್ಲಿ ಗಡಸಾಗಿ, ತುಂಡುತುಂಡಾಗಿ ಮಾತಾಡುವವರು ಪುಸ್ತಕದಲ್ಲಿ ಉದ್ದುದ್ದ ಉಪಮೆ ಪೋಣಿಸಿದ್ದರೆ ನಿರೂಪಕರ ಕೈ ಭಾರವಾಗಿದೆ. ಅಂಥ ಪುಸ್ತಕದಲ್ಲಿ ಘಟನೆಗಳನ್ನು ಓದಿ, ಉಪದೇಶಗಳನ್ನು ಹಾರಿಸಿ.

ಹಾವೇರಿ: ನಮ್ಮ ಓಣಿಯ ಮಹಿಳಾ ಮಂಡಳದಾಗ ಎಂಟು ಮಂದಿ ಇದ್ದೀವಿ. ವಾರಕ್ಕೊಮ್ಮೆ ಸೇರಿ ಇಂಥ ಪುಸ್ತಕ ಓದೋಣು ಅಂತ ಸುರು ಮಾಡಿದ್ವಿ, ಎರಡ ವಾರಕ್ಕ ನಿಂತು ಹೋತು. ಒಂದ ಪ್ರತಿ ಇತ್ತು, ಎಲ್ಲಾರೂ ಓದಿ ಮುಗಸಲಿಲ್ಲ. ಹೆಂಗ ಮಾಡಬೇಕ್ರಿ?

ಉತ್ತರ: ಎಂಟು ಮಂದಿಗೆ ಒಂದು ಪ್ರತಿ ಸುತ್ತಾಡಿಸಿದರೆ ಎಂದೂ ಮುಗಿಯುವುದಿಲ್ಲ. ತಲಾ ನಾಲ್ಕು ದಿನ ಎಂದರೂ ಕೊನೆಯವರ ಕೈಗೆ ಬರುವಷ್ಟರಲ್ಲಿ ತಿಂಗಳು ಕಳೆದು ಮೊದಲು ಓದಿದವರು ಮರೆತಿರುತ್ತಾರೆ. ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ. ಮಾಮೂಲಿ ಅಳತೆಯ ಕನ್ನಡ ಪುಸ್ತಕದ ಒಂದು ಪುಟ ಗಟ್ಟಿಯಾಗಿ ಓದಲು ಎರಡು, ಎರಡೂವರೆ ನಿಮಿಷ ಬೇಕು. 20 ಪುಟಕ್ಕೆ ಸುಮಾರು ಮುಕ್ಕಾಲು ಗಂಟೆ ಹಿಡಿಯುತ್ತದೆ, ಅದಕ್ಕಿಂತ ಹೆಚ್ಚು ಓದಿದರೆ ಗಂಟಲೂ ಸೋಲುತ್ತದೆ, ಕೇಳುವವರ ಗಮನವೂ ಅಡಿಗೆಮನೆ ಕಡೆ ಹೋಗುತ್ತದೆ. ಪೂರ್ತಿ ಪುಸ್ತಕ ಓದುವ ಹಟ ಬೇಡ. ಆ ವಾರ ಓದುವವರು ಪುಸ್ತಕ ಮನೆಗೊಯ್ದು, ಆರೇಳು ಪುಟದ ಮೂರು ಪ್ರಸಂಗ ಆರಿಸಿ ಪೆನ್ಸಿಲ್ಲಿನಿಂದ ಗುರುತು ಹಾಕಿ ತರಲಿ. ನಡುವಿನ ಕಥೆಯನ್ನು ಬಾಯಿಮಾತಿನಲ್ಲಿ ಜೋಡಿಸಲಿ. ಮುಂದಿನ ವಾರ ಪುಸ್ತಕ ಇನ್ನೊಬ್ಬರ ಕೈಗೆ. ನಾಲ್ಕು ವಾರಕ್ಕೆ ಒಂದು ಪುಸ್ತಕ ಮುಗಿಸಿ, ಮುಗಿಯದಿದ್ದರೂ ಬದಲಿಸಿ.

ಓದು ಮುಗಿದ ಮೇಲೆ ಅರ್ಧ ಗಂಟೆ ಮಾತಿಗೆ ಇಡಿ, ಗಿರ್ಮಿಟ್ಟು-ಮಿರ್ಚಿಯೂ ಆಗಲೇ ಬರಲಿ. ಓದುವಾಗ ತಟ್ಟೆ ಬಂದರೆ ಓದು ಅಲ್ಲಿಗೇ ನಿಲ್ಲುತ್ತದೆ. ಒಂದು ನಿಯಮವನ್ನು ಮಾತ್ರ ಮೊದಲ ದಿನವೇ ಒಪ್ಪಿಕೊಳ್ಳಿ: ಮಾತು ಪುಸ್ತಕದಲ್ಲಿರುವವರ ಬಗ್ಗೆ ಮಾತ್ರ. ನಟಿಯ ಎರಡನೆಯ ಮದುವೆಯಿಂದ ಸುರುವಾದ ಹರಟೆ ಓಣಿಯವರ ಸೊಸೆಯ ಕಡೆ ತಿರುಗಲು ಹತ್ತು ನಿಮಿಷ ಸಾಕು. ಇಂಥ ಗುಂಪುಗಳು ಒಡೆಯುವುದು ಹೆಚ್ಚಾಗಿ ಅಲ್ಲೇ. ತಾರೆಯರು ತಮ್ಮ ಬದುಕನ್ನು ತಾವೇ ಬರೆದು ಮಾರಿದ್ದಾರೆ, ನಾವು ಆಡಿಕೊಂಡರೆ ಅವರಿಗೆ ಬೇಸರವಿಲ್ಲ. ಓಣಿಯವರು ಹಾಗಲ್ಲ.

ರಾಣೆಬೆನ್ನೂರು: ಬಸ್‌ಸ್ಟ್ಯಾಂಡ್ ಹತ್ತಿರ ಫುಟ್‌ಪಾತಿನ ಮೇಲೆ ಸಿನಿಮಾ ನಟರ ಇಂಗ್ಲಿಷ್ ಆತ್ಮಕಥೆ ಅರ್ಧ ಬೆಲೆಗೂ ಕಡಿಮೆಗೆ ಸಿಗುತ್ತವೆ. ತೆಗೆದುಕೊಳ್ಳಬಹುದೇ? ನವಾಜುದ್ದೀನ್ ಸಿದ್ದಿಕಿ ವಾಪಸ್ ಪಡೆದ ಪುಸ್ತಕ ಎಲ್ಲಾದರೂ ಸಿಕ್ಕೀತೇ?

ಉತ್ತರ: ಹಳೆಯ ಅಸಲಿ ಪ್ರತಿ ಆದರೆ ಧಾರಾಳವಾಗಿ ಕೊಳ್ಳಿ. ಹೊಸದೇ ಆಗಿದ್ದು ಬೆಲೆ ಅಷ್ಟು ಕಡಿಮೆ ಇದ್ದರೆ ಅದು ಕಳ್ಳ ಮುದ್ರಣ. ಗುರುತು ಹಿಡಿಯುವುದು ಸುಲಭ. ಕಾಗದ ತೆಳ್ಳಗಿದ್ದು ಹಿಂದಿನ ಪುಟದ ಅಕ್ಷರ ಮುಂದೆ ಕಾಣುತ್ತದೆ. ಸಾಲುಗಳು ಕೆಲವು ಪುಟಗಳಲ್ಲಿ ವಾರೆಯಾಗಿರುತ್ತವೆ, ಏಕೆಂದರೆ ಅಸಲಿ ಪುಸ್ತಕವನ್ನು ಸ್ಕ್ಯಾನ್ ಮಾಡಿ ಅಚ್ಚು ಹಾಕಿರುತ್ತಾರೆ. ಬೆನ್ನನ್ನು ಪೂರ್ತಿ ಬಿಚ್ಚಿದರೆ ಅಂಟು ಚಟ್ಟನೆ ಸೀಳುತ್ತದೆ. ಎಲ್ಲಕ್ಕಿಂತ ಮುಖ್ಯ, ಫೋಟೋ ಪುಟಗಳು. ಆರ್ಟ್ ಪೇಪರು ದುಬಾರಿ, ಹಾಗಾಗಿ ಕಳ್ಳ ಪ್ರತಿಯಲ್ಲಿ ಆ 16 ಪುಟ ಇರುವುದೇ ಇಲ್ಲ, ಇದ್ದರೂ ಮಾಮೂಲಿ ಕಾಗದದ ಮೇಲೆ ಮಸಿ ಮೆತ್ತಿದಂತೆ ಕಾಣುತ್ತವೆ. ತಾರೆಯರ ಆತ್ಮಕಥೆಯಲ್ಲಿ ಫೋಟೋ ಇಲ್ಲವೆಂದರೆ ಅರ್ಧ ಮಜಾ ಹೋಯಿತು. ನಡುವೆ ಪುಟಗಳು ತಪ್ಪಿರುವುದೂ ಉಂಟು, ಒಂದು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗಿ ಮಡಚುವ ಹಾಳೆ, ಬಿಟ್ಟುಹೋದರೆ 16 ಪುಟ ಒಟ್ಟಿಗೆ ಮಾಯ. ನಿಂತಲ್ಲೇ ಪುಟದ ಸಂಖ್ಯೆ ತಿರುವಿ ನೋಡಿ.

ನವಾಜುದ್ದೀನ್ ಅವರ ‘ಆ್ಯನ್ ಆರ್ಡಿನರಿ ಲೈಫ್’ 2017ರ ಅಕ್ಟೋಬರಿನಲ್ಲಿ ಸುದ್ದಿಯಾಗಿ ಕೆಲವೇ ದಿನಗಳಲ್ಲಿ ಅವರೇ ಹಿಂಪಡೆದರು. ಹಳೆಯ ಸಂಬಂಧಗಳ ಬಗ್ಗೆ ಬರೆದದ್ದಕ್ಕೆ ಅದರಲ್ಲಿದ್ದ ಮಹಿಳೆಯರೇ ಆಕ್ಷೇಪ ಎತ್ತಿದ್ದರು, ನವಾಜುದ್ದೀನ್ ಕ್ಷಮೆಯನ್ನೂ ಕೇಳಿದರು. ಅದರ ಬೆನ್ನು ಹತ್ತಬೇಡಿ ಎಂಬುದು ನಮ್ಮ ಸಲಹೆ. ಹೆಸರಿಸಲ್ಪಟ್ಟವರು ಬೇಡವೆಂದ ಮೇಲೆ ಅದರಲ್ಲಿ ರಂಜನೆ ಉಳಿಯುವುದಿಲ್ಲ.

ಬ್ಯಾಡಗಿ: ಒಂದೇ ಘಟನೆಯನ್ನು ಇಬ್ಬರು ತಾರೆಯರು ಬೇರೆ ಬೇರೆ ಬರೆದರೆ ಯಾರನ್ನು ನಂಬಬೇಕು?

ಉತ್ತರ: ತನ್ನ ವಿರುದ್ಧ ತಾನೇ ಹೇಳಿಕೊಂಡದ್ದಕ್ಕೆ ತೂಕ ಹೆಚ್ಚು, ಸತ್ತವರ ಮೇಲೆ ಹೊರಿಸಿದ್ದಕ್ಕೆ ಕಡಿಮೆ. ಸಂಭಾಷಣೆಯನ್ನು ಎಲ್ಲರೂ ನೆನಪಿನಿಂದ ಹೊಸದಾಗಿ ಕಟ್ಟಿರುತ್ತಾರೆ, ಅದನ್ನು ನಾಟಕದಂತೆ ಸವಿಯಿರಿ. ಪರೀಕ್ಷಿಸಬಹುದಾದದ್ದು ಊರು, ವರ್ಷ, ಚಿತ್ರ. ಚಿತ್ರ ಬಿಡುಗಡೆಯಾದ ವರ್ಷಕ್ಕೂ ಪ್ರಶಸ್ತಿ ಕೊಟ್ಟ ವರ್ಷಕ್ಕೂ ಒಂದು ವರ್ಷದ ಅಂತರ ಇರುವುದು ವಾಡಿಕೆ; ‘ಬಾಬಿ’ 1973ರದು, ಪ್ರಶಸ್ತಿ 1974ರಲ್ಲಿ. ಇಬ್ಬರ ಮಾತು ಬೇರೆ ಕಾಣುವುದು ಕೆಲವು ಸಲ ಇಷ್ಟಕ್ಕೇ. ಹೆಸರು ಹೇಳದೆ ಬರೆದ ‘ಒಬ್ಬ ಪ್ರಸಿದ್ಧ ನಟ’ ಯಾರೆಂದು ಇದೇ ಮೂರು ಸುಳಿವು ಹಿಡಿದು ಪತ್ತೆ ಮಾಡುವ ಆಟವೂ ಚೆಂದ. ಆದರೆ ಮುಚ್ಚಿಟ್ಟ ಹೆಸರು ಸಾರ್ವಜನಿಕ ಬದುಕಿನಲ್ಲಿ ಇಲ್ಲದ ಹೆಣ್ಣುಮಗಳದ್ದು ಎಂದು ಕಂಡರೆ ಅಲ್ಲಿಗೇ ಬಿಡಿ.

ಲಕ್ಷ್ಮೇಶ್ವರ: ಲೈಬ್ರರಿಯಲ್ಲಿ ‘ಆತ್ಮಕಥೆ’ ಕಪಾಟಿನಲ್ಲಿ ಬರೀ ರಾಜಕಾರಣಿಗಳು, ಸ್ವಾತಂತ್ರ್ಯ ಹೋರಾಟಗಾರರು. ಕಲಾವಿದರು ಎಲ್ಲಿ?

ಉತ್ತರ: ಬೇರೆ ಕಪಾಟಿನಲ್ಲಿರುತ್ತಾರೆ. ವಿಷಯಕ್ಕೊಂದು ಸಂಖ್ಯೆ ಕೊಡುವ ಡ್ಯೂಯಿ ಕ್ರಮದಲ್ಲಿ ಪುಸ್ತಕ ಜೋಡಿಸುವ ಗ್ರಂಥಾಲಯವಾದರೆ ಬೆನ್ನಿನ ಮೇಲಿನ ಸಂಖ್ಯೆ ನೋಡಿ. 920 ಜೀವನಚರಿತ್ರೆ. ಗಾಯಕರು 780ರ ಸುತ್ತ, ಸಿನಿಮಾದವರು 791ರಲ್ಲಿ, ನಾಟಕದವರು 792ರಲ್ಲಿ, ಕ್ರಿಕೆಟಿಗರು 796ರಲ್ಲಿ ಸಿಗಬಹುದು. ಗ್ರಂಥಪಾಲಕರನ್ನು ಕೇಳುವಾಗ ವಿಷಯ ಹೇಳಬೇಡಿ, ವ್ಯಕ್ತಿಯ ಹೆಸರು ಹೇಳಿ.

ಮಾಳಮಡ್ಡಿ, ಧಾರವಾಡ: ನಮ್ಮ ಮನ್ಯಾಗ ಅತ್ತಿಯವರು ಮರಾಠಿನೂ ಓದತಾರ. ಹಳೇ ಹಿಂದಿ-ಮರಾಠಿ ಸಿನಿಮಾದ ನಟಿಯರು ಬರದದ್ದು ಏನರ ಅದನೇನ್ರಿ? ನಮ್ಮ ಕಡೆಗೆ ಸಂಬಂಧ ಇದ್ದದ್ದು ಆದರ ಇನ್ನೂ ಛಲೋ.

ಉತ್ತರ: ನಿಮ್ಮೂರಲ್ಲೇ ಹುಟ್ಟಿದವರದು ಇದೆ. ಲೀಲಾ ಚಿಟ್ನೀಸ್ 1909ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ‘ಕಂಗನ್’ (1939), ‘ಬಂಧನ್’ (1940), ‘ಝೂಲಾ’ (1941) ಚಿತ್ರಗಳಲ್ಲಿ ಅಶೋಕ್ ಕುಮಾರ್ ಎದುರು ನಾಯಕಿ. ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಕಾಣಿಸಿಕೊಂಡ ಮೊದಲ ಭಾರತೀಯ ತಾರೆ. ಅತ್ತೆಯವರಿಗೆ ಬಹುಶಃ ‘ಆವಾರಾ’ದ ತಾಯಿಯಾಗಿ ನೆನಪಿರುತ್ತಾರೆ. ಅವರ ಮರಾಠಿ ಆತ್ಮಕಥೆ ‘ಚಂದೇರಿ ದುನಿಯೇತ’.

ಇನ್ನೊಂದು ಹಂಸಾ ವಾಡಕರ ಅವರ ‘ಸಾಂಗತ್ಯೇ ಐಕಾ’, ಅರುಣ್ ಸಾಧು ಅವರಿಗೆ ಹೇಳಿ ಬರೆಸಿದ್ದು. ಕುಡಿತ, ಮದುವೆ, ಮನೆ ಬಿಟ್ಟು ಹೋದದ್ದು ಯಾವುದನ್ನೂ ಮುಚ್ಚದ ಪುಸ್ತಕ. ಅದನ್ನು ಆಧರಿಸಿ ಶ್ಯಾಮ್ ಬೆನೆಗಲ್ 1977ರಲ್ಲಿ ‘ಭೂಮಿಕಾ’ ತೆಗೆದರು, ಚಿತ್ರಕಥೆ ಬರೆದವರಲ್ಲಿ ಕಾರ್ನಾಡರೂ ಒಬ್ಬರು. ಮೊದಲು ಪುಸ್ತಕ ಓದಿ, ಆಮೇಲೆ ಚಿತ್ರ ನೋಡಿದರೆ ಏನು ಉಳಿಸಿಕೊಂಡರು, ಏನು ಬಿಟ್ಟರು ಎಂದು ಅತ್ತೆ-ಸೊಸೆ ಕೂತು ಮಾತಾಡಲು ಎರಡು ಸಂಜೆಗಾಗುವಷ್ಟು ಸಿಗುತ್ತದೆ. ಹಗುರ ಓದೇ ಬೇಕಾದರೆ ಲೀಲಾ ಚಿಟ್ನೀಸರದ್ದರಿಂದ ಸುರು ಮಾಡಿ, ಹಂಸಾ ಅವರದ್ದು ಎದೆ ಭಾರ ಮಾಡುತ್ತದೆ.

ಎರಡೂ ಹಳೆಯ ಪುಸ್ತಕಗಳು. ಪುಣೆ, ಕೊಲ್ಲಾಪುರದ ಕಡೆ ಹೋಗುವವರಿದ್ದರೆ ಹಳೆ ಪುಸ್ತಕದ ಅಂಗಡಿಯಲ್ಲಿ ಕೇಳಲು ಹೆಸರನ್ನು ದೇವನಾಗರಿಯಲ್ಲೇ ಚೀಟಿಯ ಮೇಲೆ ಬರೆದುಕೊಡಿ. ಮೊದಲನೆಯದಕ್ಕೆ 1981 ಎಂದು ಪ್ರಕಟಣೆಯ ವರ್ಷವನ್ನೂ ಸೇರಿಸಿ. ಹಂಸಾ ಅವರ ಪುಸ್ತಕಕ್ಕೆ ‘ಆತ್ಮಚರಿತ್ರೆ’ ಎಂದು ಒತ್ತಿ ಬರೆಯಿರಿ, ಅದೇ ಹೆಸರಿನ ಮರಾಠಿ ಸಿನಿಮಾ 1959ರಲ್ಲಿ ಬಂದಿರುವುದರಿಂದ ಅಂಗಡಿಯವರು ಹಾಡಿನ ಪುಸ್ತಕವೆಂದು ತಿಳಿದಾರು.